ಹಳೆ ಸೆಡಾನಿನ ಸೀಟು, ಸ್ಟೀರಿಂಗ್ ರಿಪೇರಿ: ಇಲ್ಲಿಯವರೆಗೆ ಆದದ್ದು

ಕಾರು 90ರ ದಶಕದ ಕೊನೆಯ ಜರ್ಮನ್ ಸೆಡಾನ್. ಡ್ರೈವರ್ ಸೀಟು ಹಿಂದೆ ಮುಂದೆ ಸರಿಯುತ್ತದೆ, ಆದರೆ ಮೇಲೆ ಏಳುವುದಿಲ್ಲ. ಸ್ಟೀರಿಂಗ್ ಮೇಲೆ ಕೆಳಗೆ ಆಡುತ್ತದೆ, ಹತ್ತಿರಕ್ಕೆ ಬರುವುದಿಲ್ಲ. ಸೀಟಿನ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಗೇ ತರುವ ಮೆಮೊರಿ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ನನ್ನ ಹೆಂಡತಿಯೂ ಇದೇ ಕಾರು ಓಡಿಸುತ್ತಾಳೆ. ಸೀಟು ತಳದಲ್ಲೇ ಇದ್ದರೆ ಅವಳಿಗೆ ಬಾನೆಟ್ ಮುಂದಿನ ರಸ್ತೆ ಸರಿಯಾಗಿ ಕಾಣಿಸುವುದಿಲ್ಲ. ಹಾಗಾಗಿ ಇದು ಬರೀ ಶೋಕಿಯ ಕೆಲಸವಲ್ಲ.

ತೋರಿಸಿದ ಗ್ಯಾರೇಜಿನಲ್ಲಿ ಮೀಟರ್ ಹಿಡಿಯದೇ "ಮಾಡ್ಯೂಲ್ ಹೋಗಿದೆ, ಬದಲಾಯಿಸಿ" ಅಂದರು. ಮಾಡ್ಯೂಲ್ ಅಂದರೆ ಸೀಟಿನ ಮೋಟರುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ನನಗೆ ಒಪ್ಪಿಗೆಯಾಗಲಿಲ್ಲ. ಅದೇ ಮಾಡ್ಯೂಲ್ ಸೀಟನ್ನು ಹಿಂದೆ ಮುಂದೆ ಸರಿಸುತ್ತಿದೆ. ಅಂದರೆ ಅದಕ್ಕೆ ಕರೆಂಟ್ ಬರುತ್ತಿದೆ, ಅರ್ಥ್ ಕೂಡ ಇದೆ. ದುಬಾರಿ ಭಾಗವನ್ನು ಕೊನೆಗೆ ಅನುಮಾನಿಸಬೇಕು, ಅಲ್ವಾ?

ಒಳಗಿನ ಲೆಕ್ಕ ಸರಳವಾಗಿದೆ. ಒಂದೊಂದು ಚಲನೆಗೆ ಒಂದೊಂದು 12 ವೋಲ್ಟ್ ಮೋಟರ್. ಅದಕ್ಕೆ ಎರಡು ತಂತಿ. ಸುಮ್ನೆ ಇರುವಾಗ ಎರಡೂ ಅರ್ಥ್‌ಗೆ ಸೇರಿರುತ್ತವೆ. ಮೇಲಕ್ಕೆ ಒತ್ತಿದರೆ ಒಂದು ತಂತಿಗೆ 12 ವೋಲ್ಟ್ ಬರುತ್ತದೆ, ಕೆಳಕ್ಕೆ ಒತ್ತಿದರೆ ಇನ್ನೊಂದಕ್ಕೆ. ಮೆಮೊರಿ ಇರುವ ಕಾರಿನಲ್ಲಿ ಸ್ವಿಚ್ಚು ಸುದ್ದಿ ಮಾತ್ರ ಕಳಿಸುತ್ತದೆ. ಮಾಡ್ಯೂಲ್ ಒಳಗಿನ ರಿಲೇ, ಅಂದರೆ ಕರೆಂಟಿನಿಂದಲೇ ಆಡುವ ಸ್ವಿಚ್ಚು, ಮೋಟರನ್ನು ಓಡಿಸುತ್ತದೆ. ಸೀಟು ಎಲ್ಲಿದೆ ಎಂದು ತಿಳಿಯಲು ಮೋಟರ್ ಜೊತೆಗೊಂದು ಸೆನ್ಸರ್ ಇರುತ್ತದೆ.

ಹಾಗಾಗಿ ಮೊದಲು ಕಿವಿ ಕೊಟ್ಟು ಕೇಳಿದೆ. ಸೀಟು ಎತ್ತಲು ಹೋದರೆ ರಿಲೇ ಟಿಕ್ ಅನ್ನುತ್ತದೆ, ಮೋಟರ್ ಸದ್ದಿಲ್ಲ. ಸ್ಟೀರಿಂಗ್ ಎಳೆಯಲು ಹೋದರೆ ಮೋಟರ್ ಗುಂಯ್ ಎಂದು ತಿರುಗುತ್ತದೆ, ಸ್ಟೀರಿಂಗ್ ಹೊತ್ತಿರುವ ಕಂಬ, ಅಂದರೆ ಕಾಲಮ್ ಮಾತ್ರ ಕದಲುವುದಿಲ್ಲ. ಮೊದಲನೆಯದು ಕರೆಂಟಿನ ತೊಂದರೆ, ಎರಡನೆಯದು ಗೇರಿನ ತೊಂದರೆ. ಎರಡನ್ನೂ ಒಂದೇ ರೋಗ ಅಂದುಕೊಂಡಿದ್ದರೆ ಮಾಡ್ಯೂಲಿಗೆ ದುಡ್ಡು ಹಾಕಿದರೂ ಸ್ಟೀರಿಂಗ್ ಸರಿಹೋಗುತ್ತಿರಲಿಲ್ಲ.

ಸೀಟು ಬಿಚ್ಚುವ ಮುಂಚೆ ಒಂದು ಮಾತು. ಅದರ ಕೆಳಗೆ ಬೆಲ್ಟ್ ಟೆನ್ಷನರ್ (ಅಪಘಾತವಾದಾಗ ಸೀಟ್ ಬೆಲ್ಟ್ ಬಿಗಿಯುವ ಭಾಗ) ಮತ್ತು ಏರ್‌ಬ್ಯಾಗ್ ತಂತಿಗಳು ಹಾದುಹೋಗುತ್ತವೆ. ಹೆಚ್ಚಾಗಿ ಹಳದಿ ಕನೆಕ್ಟರ್ ಇರುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಆ ಕನೆಕ್ಟರ್ ಬಿಚ್ಚಿರುವಾಗ ಕೀ ಆನ್ ಮಾಡಬೇಡಿ. ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಆರಿಸಲು ಸ್ಕ್ಯಾನರ್ ಬೇಕಾಗುತ್ತದೆ.

ಎತ್ತುವ ಮೋಟರಿಗೆ ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟೆ, ನಡುವೆ 15 ಆಂಪಿಯರ್ ಫ್ಯೂಸ್ ಇಟ್ಟು. ಎರಡೂ ಕಡೆ ಚೆನ್ನಾಗಿ ತಿರುಗಿತು. ಮೋಟರ್ ನಿರ್ದೋಷಿ.

ಆಮೇಲೆ ಎಲ್ಲ ಕನೆಕ್ಟರ್ ಹಾಕಿ, ಸೀಟನ್ನು ಹಿಂದಕ್ಕೆ ವಾಲಿಸಿ, ಕಾರಿನ ಬ್ಯಾಟರಿ ಜೋಡಿಸಿದೆ. ಎತ್ತುವ ಮೋಟರಿನ ಪ್ಲಗ್ ಒಂದನ್ನೇ ಕಳಚಿ ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿ ತೋರಿಸಿತು. ಇಲ್ಲೇ ತುಂಬಾ ಜನ ದಾರಿ ತಪ್ಪುವುದು. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ. ಹಾಗಾಗಿ ತುಕ್ಕು ಹಿಡಿದ ಪಿನ್ನಿನಲ್ಲೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಇಂಡಿಕೇಟರಿನ 21 ವಾಟ್ ಬಲ್ಬನ್ನು ಅದೇ ಪ್ಲಗ್ಗಿಗೆ ಸೇರಿಸಿದೆ. ಬಲ್ಬು ಮಂಕಾಗಿ ಹತ್ತಿತು, ಮೀಟರ್ 6 ವೋಲ್ಟಿಗೆ ಇಳಿಯಿತು. ಉಳಿದ 6 ಎಲ್ಲಿ ಹೋಯಿತು? ಬಲ್ಬು ಹತ್ತಿರುವಾಗಲೇ ತಂತಿ ಹಿಡಿದು ಹಿಂದಕ್ಕೆ ಅಳೆಯುತ್ತಾ ಹೋದೆ. ಕಾರ್ಪೆಟ್ ಕೆಳಗಿನ ಕನೆಕ್ಟರಿನಲ್ಲಿ, ಒಂದೇ ಪಿನ್ನಿನ ಈ ಬದಿಗೂ ಆ ಬದಿಗೂ ನಡುವೆ ಅಷ್ಟೂ ಸಿಕ್ಕಿತು. ಒಳ್ಳೆಯ ಜೋಡಣೆಯಲ್ಲಿ ಅಲ್ಲಿ 0.1 ವೋಲ್ಟ್ ಕೂಡ ದಾಟಬಾರದು. ಬಿಚ್ಚಿ ನೋಡಿದರೆ ಪಿನ್ ಹಸಿರುಗಟ್ಟಿತ್ತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅದೇ ಅಳತೆಯ ಪಿನ್ ಸಿಕ್ಕಿತು, ತಂತಿಗೆ ಒತ್ತಿ ಕೂರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಸೀಟು ಎದ್ದಿತು! ಆ ಖುಷಿಯೇ ಬೇರೆ.

ಆದರೆ ಅಲ್ಲಿಗೆ ನೀರು ಬಂದದ್ದು ಹೇಗೆ? ಕಾರ್ಪೆಟ್ ಮೇಲೆ ಒಣಗಿದ್ದರೂ ಕೆಳಗಿನ ಫೋಮ್ ಒದ್ದೆಯಾಗಿತ್ತು. ಸನ್‌ರೂಫ್ ನೀರು ಇಳಿಯುವ ಪೈಪು ಕಸದಿಂದ ಕಟ್ಟಿಕೊಂಡಿತ್ತು. ಹುಲ್ಲು ಕತ್ತರಿಸುವ ಮೆಷಿನ್ನಿನ ದಪ್ಪ ನೈಲಾನ್ ದಾರ ತೂರಿಸಿ ಬಿಡಿಸಿದೆ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ಕೆಲಸ ಜಾಸ್ತಿ ಆಗುತ್ತದೆ. ಈ ಪೈಪ್ ಬಿಡಿಸದೆ ಪಿನ್ ಮಾತ್ರ ಹಾಕಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಬಾಗಿಲಿನ ಸ್ವಿಚ್ಚನ್ನೂ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿಟ್ಟೆ. ಸೀಟಿನ ಆಕಾರದಲ್ಲೇ ಇರುವ ಸ್ವಿಚ್ಚು ನನಗೆ ಬಹಳ ಇಷ್ಟ. 1979ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯೂ126ರಲ್ಲಿ ಅಂಥದ್ದಿತ್ತು. ಯಾವ ಭಾಗ ಒತ್ತಿದರೆ ಯಾವುದು ಆಡುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಈಗ ಸ್ಟೀರಿಂಗ್. ಕೆಳಗಿನ ಕವರ್ ತೆಗೆದು ಮೋಟರ್ ಇಳಿಸಿದೆ. ಒಳಗಿನ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿತ್ತು. ಅದನ್ನು ತಳ್ಳಿ ತಳ್ಳಿ ನೈಲಾನ್ ಗೇರಿನ ಹಲ್ಲು ಒಂದು ಕಡೆ ಸವೆದುಹೋಗಿದೆ. ಹಿತ್ತಾಳೆ ಗೇರ್ ಮಾಡಿಸು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ನಾನು ನೈಲಾನನ್ನೇ ಹಾಕುತ್ತೇನೆ. ಕಾಲಮ್ ಎಲ್ಲಾದರೂ ಸಿಕ್ಕಿಕೊಂಡರೆ ಗೇರ್ ಸವೆಯಲಿ, ಮೋಟರ್ ಉಳಿಯಲಿ. ಹಳೆ ಗ್ರೀಸ್ ಪೂರ್ತಿ ತೆಗೆದು ಪ್ಲಾಸ್ಟಿಕ್ಕಿಗೆ ಹೊಂದುವ ಸಿಲಿಕಾನ್ ಗ್ರೀಸ್ ಹಚ್ಚುತ್ತೇನೆ. ಸೀಟಿನ ಕಬ್ಬಿಣದ ಹಳಿಗೆ ಬಿಳಿ ಲಿಥಿಯಂ ಗ್ರೀಸ್ ಆಗಲೇ ಹಚ್ಚಿಯಾಗಿದೆ.

ಗೇರಿಗೆ ಆರ್ಡರ್ ಕೊಟ್ಟಿದ್ದೇನೆ. ಕಾಲಮ್ ಪೂರ್ತಿ ಜೋಡಿಸುವ ತನಕ ಕಾರು ರಸ್ತೆಗೆ ಇಳಿಯುವುದಿಲ್ಲ. ಮೆಮೊರಿಯನ್ನು ಆಮೇಲೆ ನೋಡಬೇಕು. ಬ್ಯಾಟರಿ ತೆಗೆದರೆ ಹಲವು ಕಾರುಗಳಲ್ಲಿ ಮಾಡ್ಯೂಲ್ ತನ್ನ ಮಿತಿಗಳನ್ನು ಮರೆಯುತ್ತದೆ. ಪ್ರತಿ ಚಲನೆಯನ್ನೂ ಎರಡೂ ತುದಿಗೆ ಓಡಿಸಿ, ತುದಿಯಲ್ಲಿ ಸ್ವಲ್ಪ ಹೊತ್ತು ಸ್ವಿಚ್ ಒತ್ತಿ ಹಿಡಿದು ಮತ್ತೆ ಕಲಿಸಬೇಕಾಗುತ್ತದೆ. ಅದಾದ ಮೇಲೂ ಬಟನ್ ಸುಮ್ಮನಿದ್ದರೆ ಸೆನ್ಸರ್ ತಂತಿಗಳನ್ನು ಅಳೆಯುತ್ತೇನೆ.