ನೀರು ತುಂಬುವ ಹಬ್ಬಕ್ಕೆ ಬಾಯ್ಲರಿನ ಒಳಗೂ ತೊಳೆಯಿರಿ

ದೀಪಾವಳಿಯ ನೀರು ತುಂಬುವ ಹಬ್ಬ ಬಂತೆಂದರೆ ನಮ್ಮ ಕಡೆ ಹಂಡೆ, ತಾಮ್ರದ ಬಾಯ್ಲರು ಹುಣಸೆಹಣ್ಣಿನಲ್ಲಿ ಥಳಥಳ ಹೊಳೆಯುತ್ತವೆ. ಹಿಂಡಲಕಾಯಿ ಬಳ್ಳಿಯನ್ನೂ ಕಟ್ಟುತ್ತಾರೆ. ಆದರೆ ಚಳಿಗಾಲವಿಡೀ ಕಟ್ಟಿಗೆ ದಂಡವಾಗುವುದು ಒಳಗಿನ ಕೊಳೆಯಿಂದ.

ಮೊದಲು ಬಾಯ್ಲರಿನ ನಡುವೆ ಉರಿ, ಹೊಗೆ ಏರುವ ನಡುಗೊಳವೆ ನೋಡಿ. ಅದಕ್ಕೆ ಮಸಿ ಕಟ್ಟಿದರೆ ಉರಿ ಮೇಲೇಳುವುದಿಲ್ಲ, ಹೊಗೆ ಬಚ್ಚಲಿಗೇ ತಿರುಗುತ್ತದೆ, ಶಾಖವೂ ನೀರಿಗೆ ಸರಿಯಾಗಿ ತಾಗುವುದಿಲ್ಲ. ಕೋಲಿನ ತುದಿಗೆ ತೆಂಗಿನ ಕಡ್ಡಿಯ ಕಸಬರಿಗೆ ಬಿಗಿದು ಮೇಲಿನಿಂದ ಉಜ್ಜಿ. ತಳದ ಜಾಲರಿಯ ಸರಳು ಸುಟ್ಟು ಬಾಗಿದ್ದರೆ ಬದಲಿಸಿ; ಇಲ್ಲವಾದರೆ ಕೆಂಡ ಉದುರಿ ಬೂದಿಯ ಜೊತೆ ಗಾಳಿಯ ದಾರಿ ಮುಚ್ಚುತ್ತದೆ.

ಬೋರಿನ ಗಡಸು ನೀರು ಬಳಸುವ ಮನೆಗಳಲ್ಲಿ ಒಳಗೋಡೆಗೆ ಬಿಳಿ ಸುಣ್ಣದ ಪದರು ಕೂತಿರುತ್ತದೆ. 20 ಲೀಟರ್ ನೀರಿಗೆ 400 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ತುಂಬಿ, ನೀರು ಬೆಚ್ಚಗಾಗುವಷ್ಟು ಉರಿ ಹಾಕಿ ನಂದಿಸಿ, ಎರಡು ತಾಸು ಬಿಡಿ. ಚೆಲ್ಲುವಾಗ ನಲ್ಲಿಯನ್ನೇ ಬಿಚ್ಚಿ; ಇಲ್ಲವಾದರೆ ಎದ್ದ ಸುಣ್ಣದ ಚೂರು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆದು, ಹೊಸ ವಾಷರ್ ಹಾಕಿ ನಲ್ಲಿ ಕೂರಿಸಿ. ಶೌಚಾಲಯ ತೊಳೆಯುವ ಆಸಿಡ್ ಬೇಡವೇ ಬೇಡ, ಅದು ಲೋಹವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಆಮೇಲೆ ಕಂಠಮಟ ನೀರು ತುಂಬಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳ ಒದ್ದೆಯಾಗಿದ್ದರೆ ಬೆಸುಗೆ ಬಿಟ್ಟಿದೆ ಎಂದರ್ಥ. ನೀರಿಲ್ಲದೆ ಬೆಂಕಿ ಹಾಕಿದಲ್ಲಿ ಹೀಗಾಗುತ್ತದೆ. ಹಬೆ ಹೊರಹೋಗುವ ಬಾಯಿಗೆ ಎಂದೂ ಬಟ್ಟೆ ತುರುಕಬೇಡಿ, ಒತ್ತಡ ಏರಿ ಬಾಯ್ಲರ್ ಸಿಡಿಯಬಹುದು.

ಕಟ್ಟಿಗೆಯ ಮಾತು. ಈಗ ಕಡಿದ ಬಳ್ಳಾರಿ ಜಾಲಿ ಈ ಚಳಿಗೆ ಉಪಯೋಗವಿಲ್ಲ. ಹಸಿಯ ನೀರನ್ನು ಆರಿಸುವುದಕ್ಕೇ ಬಹಳಷ್ಟು ಉರಿ ಹೋಗುತ್ತದೆ, ಮಸಿಯೂ ಹೆಚ್ಚು. ಒಣಗಿದ ಕಟ್ಟಿಗೆಯ ಎರಡು ತುಂಡು ಬಡಿದರೆ ಟಣ್ ಎನ್ನಬೇಕು. ಕುಳ್ಳು (ಬೆರಣಿ) ನೆಲಕ್ಕೆ ತಾಗದಂತೆ ಒಟ್ಟಿ. ಗೋವಿನಜೋಳದ ಬೆಂಡು ಬೇಗ ಹೊತ್ತುತ್ತದೆ, ಬೇಗ ಮುಗಿಯುತ್ತದೆ, ಆದ್ದರಿಂದ ಹೊತ್ತಿಸುವುದಕ್ಕಷ್ಟೇ ಇಟ್ಟುಕೊಳ್ಳಿ. ಹತ್ತಿಕಟ್ಟಿಗೆ ಒಟ್ಟಿದ್ದರೆ ಮುಂದಿನ ಮಳೆಗಾಲದೊಳಗೆ ಎಲ್ಲವನ್ನೂ ಉರಿಸಿಬಿಡಿ. ಅದರಲ್ಲಿ ಉಳಿದ ಕಾಯಿಯೊಳಗೆ ಗುಲಾಬಿ ಕಾಯಿಕೊರಕದ ಹುಳು ಅಡಗಿದ್ದು, ಪತಂಗವಾಗಿ ಹೊಸ ಹತ್ತಿಗೆ ಹಾರುತ್ತದೆ.

ಇನ್ನು ಬಾಣಂತಿಯ ಹೊರಸಿನ ಕೆಳಗೆ ಇಡುವ ಅಗ್ಗಿಷ್ಟಿಕೆ. ಹೊಗೆ ಕಾಣದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕೂಸು ಬಾಣಂತಿಗೆ ಬೆಚ್ಚಗಿನ ಅರಿವೆ, ಕುಲಾಯಿ, ಕೌದಿ ಸಾಕು. ಕೆಂಡ ಇಡಲೇಬೇಕೆಂದರೆ ಕಿಟಕಿ ತೆರೆದಿರಲಿ, ಯಾರಾದರೂ ಎಚ್ಚರವಿರಲಿ, ಮಲಗುವ ಮುಂಚೆ ಅಂಗಳಕ್ಕೆ ಒಯ್ದು ನೀರು ಹಾಕಿ.