ಕೊಟ್ಟ ವೀಲ್‌ಚೇರ್ ವಾಪಸ್ ಬರುತ್ತಾ?

ಹೊಸಬರು ಯಾರೇ ಬರಲಿ, ಮೊದಲು ನಮ್ಮ ಕೋಣೆಯನ್ನು ಒಂದು ಸುತ್ತು ನೋಡುತ್ತಾರೆ. ಗೋಡೆಗೆ ಒರಗಿಸಿ ಮಡಚಿಟ್ಟ ವೀಲ್‌ಚೇರ್‌ಗಳು, ಒಂದರೊಳಗೊಂದು ತೂರಿಸಿ ನಿಲ್ಲಿಸಿದ ವಾಕರ್‌ಗಳು, ಡ್ರಮ್ಮಿನಲ್ಲಿ ಕೊಡೆಗಳ ಹಾಗೆ ನಿಂತಿರುವ ಕೋಲುಗಳು, ಮೂಲೆಯಲ್ಲಿ ಕಮೋಡ್ ಕುರ್ಚಿ, ಮೇಲಿನ ಹಲಗೆಯಲ್ಲಿ ಭೂತಗನ್ನಡಿಗಳು, ಗುಂಡಿ ಒತ್ತಿದರೆ ಮಾತಾಡುವ ಒಂದೆರಡು ಯಂತ್ರಗಳು. ಎಲ್ಲವೂ ಎರವಲು ಕೊಡುವುದಕ್ಕೆ ಇಟ್ಟದ್ದು. ಬೇಕಾದವರು ಒಯ್ಯುತ್ತಾರೆ, ಬಳಸುತ್ತಾರೆ, ಸಾಕಾದ ಮೇಲೆ ತಂದುಕೊಡುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ: "ಇದನ್ನೆಲ್ಲ ಹೀಗೆ ಸುಮ್ನೆ ಕೊಟ್ಟುಬಿಡ್ತೀರಲ್ಲ, ವಾಪಸ್ ಬರುತ್ತಾ?"

ನೆಂಟರು ಕೇಳುತ್ತಾರೆ. ಹಳೇ ಸಾಮಾನು ಕೊಡಲು ಬಂದವರು ಕೇಳುತ್ತಾರೆ. ಓದಲು ಪುಸ್ತಕ ಕೊಟ್ಟು ಕೈ ಸುಟ್ಟುಕೊಂಡವರಂತೂ ಸ್ವಲ್ಪ ಜಾಸ್ತಿಯೇ ಸಂಕಟದಿಂದ ಕೇಳುತ್ತಾರೆ.

ಬರುತ್ತೆ. ಹೆಚ್ಚುಕಮ್ಮಿ ಎಲ್ಲವೂ ಬರುತ್ತೆ. ನನಗೆ ಚಿಂತೆ ಇರುವುದು ಬಾರದೆ ಉಳಿದ ಸಾಮಾನಿನ ಬಗ್ಗೆ ಅಲ್ಲ, ಬೇಗ ವಾಪಸ್ ಬಂದ ಸಾಮಾನಿನ ಬಗ್ಗೆ.

ಯಾಕೆ ವಾಪಸ್ ಬರುತ್ತೆ ಅಂದರೆ, ಇವನ್ನು ಯಾರೂ ಆಸೆಪಟ್ಟು ಇಟ್ಟುಕೊಳ್ಳುವುದಿಲ್ಲ. ಕಥೆ ಪುಸ್ತಕ ನಮ್ಮಲ್ಲೇ ಇರಲಿ ಅನಿಸಬಹುದು, ಕಮೋಡ್ ಕುರ್ಚಿ ಇರಲಿ ಅಂತ ಯಾರಿಗೆ ಅನಿಸುತ್ತದೆ? ಕಾಲು ಮುರಿದವರು ನೆಟ್ಟಗೆ ನಡೆಯಲು ಶುರು ಮಾಡಿದ ಮೇಲೆ ಊರುಗೋಲು ಕಣ್ಣೆದುರು ಇರುವುದೇ ಬೇಡ. ಮಡಚುವ ಮಂಚ ಅರ್ಧ ಕೋಣೆ ನುಂಗುತ್ತದೆ, ಯಾವಾಗ ಸಾಗಹಾಕೋಣ ಅಂತ ಕಾಯುತ್ತಿರುತ್ತಾರೆ. ಇನ್ನು ಮನೆಯಲ್ಲಿ ಸಾವಾದರೆ ಒಂದೇ ವಾರದಲ್ಲಿ ಎಲ್ಲ ಬಂದುಬಿಡುತ್ತದೆ, ಖಾಲಿ ಕುರ್ಚಿಯನ್ನು ದಿನಾ ನೋಡಲು ಆಗುವುದಿಲ್ಲ. ಒಬ್ಬರು ತಂದ ವೀಲ್‌ಚೇರಿನ ಕೈಯಾಸರೆಗೆ ಸಣ್ಣ ಟವಲ್ ಇನ್ನೂ ಕಟ್ಟಿಕೊಂಡೇ ಇತ್ತು. ಅದನ್ನು ಬಿಚ್ಚಿ ಅವರ ಕೈಗೆ ಕೊಡಬೇಕೋ ಬೇಡವೋ ಅಂತ ನಾನು ತುಂಬ ಹೊತ್ತು ಯೋಚಿಸಿದೆ, ಅಷ್ಟರಲ್ಲಿ ಅವರು ಹೊರಟುಹೋದರು. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಸಾಮಾನು ವಾಪಸ್ ತಂದವರನ್ನು "ಈಗ ಹೇಗಿದ್ದಾರೆ?" ಅಂತ ಕೇಳುವುದಿಲ್ಲ. "ಬ್ರೇಕ್ ಸರಿಯಾಗಿ ಹಿಡೀತಿತ್ತಾ?" ಅಂತ ಕೇಳುತ್ತೇನೆ. ಹೇಳಬೇಕು ಅನಿಸಿದವರು ಮಿಕ್ಕಿದ್ದನ್ನು ತಾವೇ ಹೇಳುತ್ತಾರೆ.

ಬಾರದೆ ಉಳಿಯುವುದೂ ಉಂಟು. ಮೂರು ತಿಂಗಳಿಗೆ ಅಂತ ಒಯ್ದ ಕುರ್ಚಿ ಮೂರು ವರ್ಷವಾದರೂ ಅಲ್ಲೇ ಇದೆ ಅಂದರೆ, ಅದರಲ್ಲಿ ಒಬ್ಬರು ದಿನಾ ಕೂರುತ್ತಿದ್ದಾರೆ ಅಂತ ಅರ್ಥ. ಅದನ್ನು ಕಿತ್ತುಕೊಂಡು ತಂದು ನಮ್ಮ ಗೋಡೆಗೆ ಒರಗಿಸಿ ನಾನೇನು ಮಾಡಲಿ? ನಾರ್ವೆಯಲ್ಲಿ ಸರ್ಕಾರವೇ ಇಂಥ ಸಾಧನಗಳನ್ನು ಎರವಲು ಕೊಡುತ್ತದೆ. ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಇಟ್ಟುಕೊಳ್ಳಬಹುದು, ಬೇಡವಾದಾಗ ವಾಪಸ್ ಕೊಡಬೇಕು, ಅಷ್ಟೇ. ನಮ್ಮದು ಅದರ ಮುಂದೆ ಒಂದು ಕೋಣೆ, ಒಂದು ರೆಜಿಸ್ಟರ್. ಆದರೂ ಅವರ ಲೆಕ್ಕವೇ ಸರಿ ಅನಿಸುತ್ತದೆ. ಮೊದಮೊದಲು ನಾವು ಠೇವಣಿ ಇಸಿದುಕೊಳ್ಳುತ್ತಿದ್ದೆವು, ಆಮೇಲೆ ಬಿಟ್ಟುಬಿಟ್ಟೆವು. ಠೇವಣಿಯಿಂದ ಕಳ್ಳರೇನೂ ಕಮ್ಮಿಯಾಗಲಿಲ್ಲ, ಯಾಕೆಂದರೆ ಕಳ್ಳರು ಇರಲೇ ಇಲ್ಲ. ನಿಜವಾಗಿ ಬೇಕಾಗಿದ್ದವರು ಮಾತ್ರ ಬಾಗಿಲ ತನಕ ಬಂದು ಹಿಂದೆ ಹೋಗುತ್ತಿದ್ದರು.

ಈಗ ಬೇಗ ವಾಪಸ್ ಬರುವ ಸಾಮಾನಿನ ವಿಷಯ.

ಶುರುವಿನ ದಿನಗಳಲ್ಲಿ ಒಬ್ಬರು ಅವರಮ್ಮನಿಗೆ ಅಂತ ವೀಲ್‌ಚೇರ್ ಒಯ್ದರು. ಒಂಬತ್ತೇ ದಿನಕ್ಕೆ ವಾಪಸ್ ತಂದರು. "ಅಮ್ಮಂಗೆ ಆಗಿಬರಲಿಲ್ಲ, ಮಲಗೇ ಇರ್ತೀನಿ ಅಂತಾರೆ" ಅಂದರು. ಆವತ್ತು ಕುರ್ಚಿ ಸುಸ್ಥಿತಿಯಲ್ಲಿ ಬಂತಲ್ಲ ಅಂತ ನನಗೆ ಖುಷಿಯೇ ಆಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎರಡು ದಿನ ಬಿಟ್ಟು ಏನೋ ಅನುಮಾನ ಬಂದು ಮನೆಗೇ ಹೋಗಿ ನೋಡಿದೆ. ಅವರಮ್ಮ ಕಡ್ಡಿಯಂಥ ಹೆಂಗಸು. ಸೊಂಟದ ಕೆಳಗೆ, ಕೂತಾಗ ಅತಿ ಅಗಲ ಇರುವ ಕಡೆ ಅಳೆದರೆ 13 ಇಂಚು ಚಿಲ್ಲರೆ. ನಾವು ಕೊಟ್ಟ ಕುರ್ಚಿಯ ಸೀಟು 18 ಇಂಚು. ಪಾಪ, ಅದರಲ್ಲಿ ಅವರು ಒಂದು ಪಕ್ಕಕ್ಕೆ ವಾಲಿಯೇ ಕೂರಬೇಕಿತ್ತು. ಚಕ್ರ ಹಿಡಿಯಲು ಎರಡೂ ತೋಳನ್ನು ರೆಕ್ಕೆಯ ಹಾಗೆ ಅಗಲಿಸಬೇಕಿತ್ತು. ಭುಜ ನೋವು, ಬೆನ್ನು ನೋವು. "ನನ್ನ ಮೈಯೇ ಸರಿ ಇಲ್ಲ" ಅಂದುಕೊಂಡು ಮತ್ತೆ ಹಾಸಿಗೆ ಹಿಡಿದಿದ್ದರು. ಸರಿ ಇಲ್ಲದ್ದು ಅವರ ಮೈ ಅಲ್ಲ. ಅಂದು ಕೋಣೆಯಲ್ಲಿ ಯಾವುದು ಇತ್ತೋ ಅದನ್ನು ಎತ್ತಿಕೊಟ್ಟ ನನ್ನ ತಲೆ.

ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ಟೇಪು ನೇತಾಡುತ್ತದೆ. ಅಳತೆ ಇಲ್ಲದೆ ಕುರ್ಚಿ ಹೊರಗೆ ಹೋಗುವುದಿಲ್ಲ. ಸೀಟಿನ ಅಗಲ ಅಂದರೆ ಕೂತವರ ಅಗಲ, ಅದಕ್ಕಿಂತ ಒಂದಿಂಚು ಜಾಸ್ತಿ ಇದ್ದರೆ ಬಹಳವಾಯಿತು. ಬೆನ್ನು ಒರಗಿಸಿ ಕೂತಾಗ ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು ಆಡಬೇಕು. ಪಾದ ಇಡುವ ಪಟ್ಟಿ ತೀರಾ ಮೇಲಿದ್ದರೆ ಮಂಡಿ ಮೇಲೆದ್ದು ಭಾರವೆಲ್ಲ ಕುಂಡೆಯ ಮೂಳೆಗೆ ಬೀಳುತ್ತದೆ. ಅಲ್ಲೇ ಹುಣ್ಣು ಶುರುವಾಗುವುದು. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಹೋದವರಿಗೆ ಅದು ನೋಯುವುದೂ ಇಲ್ಲ, ಗೊತ್ತಾಗುವ ಹೊತ್ತಿಗೆ ಆಳಕ್ಕೆ ಇಳಿದಿರುತ್ತದೆ. ಅದಕ್ಕೇ ಅಂಥವರು 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿಯೋ, ಪಕ್ಕಕ್ಕೆ ವಾಲಿಯೋ ಭಾರ ಇಳಿಸಬೇಕು, ಕೆಳಗೆ ಒಳ್ಳೇ ಕುಶನ್ ಇರಬೇಕು. ಎಲ್ಲರೂ ಕುರ್ಚಿ ಕೇಳುತ್ತಾರೆ. ಕುಶನ್ ಕೇಳಿದವರು ಒಬ್ಬರೂ ಇಲ್ಲ, ನಾವೇ ಕೊಟ್ಟು ಕಳಿಸುತ್ತೇವೆ. ಹಳೇ ದಿಂಬು ಹಾಕ್ಕೊಳ್ತೀವಿ ಬಿಡಿ ಅನ್ನುವವರ ಜೊತೆ ನಾನು ಜಗಳವನ್ನೇ ಆಡುತ್ತೇನೆ.

ಕೋಲಿನದೂ ಇದೇ ಕಥೆ. ಕೋಲಿಗೆ ಏನು ಕಲಿಯುವುದು ಅನಿಸುತ್ತದೆ, ಅಲ್ವಾ? ಎಡಗಾಲು ನೋವಿದ್ದವರ ಕೈಗೆ ಕೋಲು ಕೊಟ್ಟು ನೋಡಿ, ಹತ್ತರಲ್ಲಿ ಎಂಟು ಜನ ಎಡಗೈಯಲ್ಲೇ ಹಿಡಿಯುತ್ತಾರೆ. ಹಿಡಿಯಬೇಕಾದ್ದು ಬಲಗೈಯಲ್ಲಿ. ನೋವಿನ ಕಾಲಿನ ಜೊತೆಗೇ ಕೋಲು ಮುಂದೆ ಹೋಗಬೇಕು, ಆಗ ಭಾರ ಕೋಲಿನ ಕಡೆಗೆ ಹಂಚಿಹೋಗುತ್ತದೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಕೋಲಿನ ಹಿಡಿ ಅಲ್ಲಿಗೆ ಬರಬೇಕು. ಕಂಕುಳಿಗೆ ಇಡುವ ಊರುಗೋಲಿಗೆ ಕಂಕುಳ ಕೆಳಗೆ ಎರಡು ಮೂರು ಬೆರಳು ಜಾಗ ಬಿಡಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಿನಿಂದ ನೇತುಬಿದ್ದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಇದನ್ನೆಲ್ಲ ಹೇಳಿಕೊಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಲು ಹೋದರೆ ಕೋಲು ಹದಿನೈದು ದಿನಕ್ಕೆ ವಾಪಸ್.

ಇದು ನಮ್ಮೊಬ್ಬರ ಅನುಭವ ಅಲ್ಲ. 1993ರಲ್ಲಿ ಅಮೆರಿಕದಲ್ಲಿ ಬೇರೆಬೇರೆ ಅಂಗವೈಕಲ್ಯ ಇರುವ 227 ಮಂದಿಯನ್ನು ಕೇಳಿ ಒಂದು ಅಧ್ಯಯನ ಪ್ರಕಟವಾಯಿತು. ಅವರು ಪಡೆದ ಸಾಧನಗಳಲ್ಲಿ ನೂರಕ್ಕೆ 29ರಷ್ಟನ್ನು ಪೂರ್ತಿ ಮೂಲೆಗೆ ಹಾಕಿದ್ದರು. ಅದೂ ಮೊದಲ ವರ್ಷದಲ್ಲೇ ಜಾಸ್ತಿ, ಆಮೇಲೆ ಐದು ವರ್ಷ ಬಳಸಿದ ಬಳಿಕ. ಕಾರಣಗಳಲ್ಲಿ ಒಂದು ಏನು ಗೊತ್ತಾ? ಸಾಧನ ಆರಿಸುವಾಗ ಬಳಸುವವರ ಅಭಿಪ್ರಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇದ್ದದ್ದು. ಇನ್ನೊಂದು, ಸಾಧನ ತೀರಾ ಸುಲಭವಾಗಿ ಸಿಕ್ಕಿಬಿಟ್ಟದ್ದು. ಎರಡನೆಯದನ್ನು ಓದಿದಾಗ ನನಗೆ ಚುರುಕ್ ಅಂದಿತು, ಯಾಕೆಂದರೆ "ಕೇಳಿದ ತಕ್ಷಣ ಕೊಡ್ತೀವಿ" ಅನ್ನುವುದೇ ನಮ್ಮ ಹೆಮ್ಮೆಯಾಗಿತ್ತು.

ಯೋಚಿಸಿ ನೋಡಿ. ನಮ್ಮ ಕೋಣೆಗೆ ಬರುವುದು ಯಾರು? ಮಗ, ಸೊಸೆ, ಅಕ್ಕಪಕ್ಕದವರು. ಕೂರಬೇಕಾದವರು ಮನೆಯಲ್ಲೇ ಇರುತ್ತಾರೆ, ಹೊರಗೆ ಬರಲು ಕುರ್ಚಿ ಇಲ್ಲ ಅಂತಲೇ ತಾನೇ ಇವರು ಬಂದಿರುವುದು. ಹಾಗಾಗಿ ಮಾತೆಲ್ಲ ಬಂದವರ ಜೊತೆಗೇ ಮುಗಿದುಹೋಗುತ್ತದೆ. ಈಗ ಅಲ್ಲೇ ನಿಂತು ಫೋನ್ ಮಾಡಿಸುತ್ತೇನೆ, ಬಳಸುವವರ ಜೊತೆ ನೇರವಾಗಿ ಮಾತಾಡುತ್ತೇನೆ. ಒಬ್ಬ ಅಜ್ಜ ಫೋನಿನಲ್ಲಿ ಹೇಳಿದ್ದು: "ನನಗೆ ವೀಲ್‌ಚೇರ್ ಬೇಡಪ್ಪ, ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಒಂದು ಕಂಬಿ ಇದ್ರೆ ಸಾಕು." ಅವರ ಮೊಮ್ಮಗ ಆಗಲೇ ಕುರ್ಚಿಯನ್ನು ಆಟೋಗೆ ಹತ್ತಿಸಿಯಾಗಿತ್ತು.

ಹಾಗಂತ ಬೇಗ ವಾಪಸ್ ಬಂದದ್ದೆಲ್ಲ ಸೋಲಲ್ಲ. ಕೊಳ್ಳುವ ಮೊದಲು ನೋಡೋಣ ಅಂತ ಒಯ್ಯುವವರೂ ಇದ್ದಾರೆ, ಅವರು ಬೇಗ ತಂದರೆ ಒಳ್ಳೆಯದೇ. ಅಮೆರಿಕದಲ್ಲಿ ಸಹಾಯಕ ಸಾಧನಗಳಿಗೆಂದೇ ಇರುವ ಕಾಯ್ದೆಗೆ 2004ರಲ್ಲಿ ತಿದ್ದುಪಡಿ ತಂದಾಗ, ರಾಜ್ಯಗಳು ಮಾಡಬೇಕಾದ ಕೆಲಸಗಳಲ್ಲಿ ಸಾಧನವನ್ನು ಎರವಲು ಕೊಡುವುದನ್ನೂ ಸೇರಿಸಿದರು. ಮನೆಗೆ ಒಯ್ದು ಬಳಸಿ ನೋಡಿ, ಆಮೇಲೆ ತೀರ್ಮಾನ ಮಾಡಿ ಅನ್ನುವುದೇ ಅದರ ಉದ್ದೇಶ. ಮೋಟಾರಿನ ಕುರ್ಚಿ ಅಂಗಡಿಯ ನುಣ್ಣನೆ ನೆಲದ ಮೇಲೆ ರಾಜರಥದ ಹಾಗೆ ಓಡುತ್ತದೆ. ಮನೆಗೆ ತಂದರೆ ಬಚ್ಚಲ ಬಾಗಿಲಲ್ಲಿ ತೂರುವುದಿಲ್ಲ. ಮೆಟ್ಟಿಲು ನೋಡಿ. ಒಂದು ಅಡಿ ಏರಲು 12 ಅಡಿ ಇಳಿಜಾರು ಬೇಕು ಅನ್ನುವುದು ಬಹಳ ಕಡೆ ಒಪ್ಪಿರುವ ಲೆಕ್ಕ. ಆರೇ ಇಂಚಿನ ಮೆಟ್ಟಿಲಿಗೂ ಆರಡಿ ಹಲಗೆ ಬೇಕಾಯಿತು. ಜನ ಎರಡಡಿ ಹಲಗೆ ಇಟ್ಟು ತಳ್ಳುತ್ತಾರೆ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಇಂಥದ್ದೆಲ್ಲ ಎರವಲು ಕುರ್ಚಿಯಲ್ಲೇ ಗೊತ್ತಾಗಿಬಿಟ್ಟರೆ ದುಡ್ಡೂ ಉಳಿಯಿತು, ತಲೆಯೂ ಉಳಿಯಿತು.

ಬೇಗ ಬಂದಾಗ ನನಗೆ ಅತಿ ಬೇಜಾರಾಗುವುದು ಮಾತಾಡುವ ಯಂತ್ರಗಳ ವಿಷಯದಲ್ಲಿ. ಬಾಯಿಂದ ಮಾತು ಬಾರದ ಮಕ್ಕಳಿಗೆ ಇವು. ಚಿತ್ರ ಒತ್ತಿದರೆ ಯಂತ್ರ ಆ ಮಾತನ್ನು ಹೇಳುತ್ತದೆ. ಎರಡು ವಾರ ಇಟ್ಟುಕೊಂಡು "ಇವನು ಮುಟ್ಟೋದೇ ಇಲ್ಲ" ಅಂತ ತಂದುಕೊಡುತ್ತಾರೆ. ಮಾತು ಬರುವ ಮಗು ಕೂಡ ಮೊದಲ ಮಾತಾಡುವ ಮುಂಚೆ ಸುಮಾರು ಒಂದು ವರ್ಷ ಬರೀ ಕೇಳಿಸಿಕೊಳ್ಳುತ್ತದೆ, ಅಲ್ವಾ? ಇದಕ್ಕೂ ಹಾಗೇ. ಮನೆಯವರೂ ಮಾತಾಡುವಾಗ ಅದೇ ಚಿತ್ರಗಳನ್ನು ಒತ್ತಿ ಒತ್ತಿ ತೋರಿಸಬೇಕು, ಮಗು ನೋಡಿ ನೋಡಿ ಕಲಿಯುತ್ತದೆ. ಎರಡು ವಾರ ಯಾವ ಲೆಕ್ಕ? ಒಬ್ಬ ತಾಯಿ ಒಂದು ತಿಂಗಳಾದ ಮೇಲೆ ಬಂದು, "ಇವನು 'ಬೇಡ' ಅನ್ನೋದೊಂದನ್ನೇ ಒತ್ತುತ್ತಾನೆ, ಊಟಕ್ಕೂ ಬೇಡ, ಸ್ನಾನಕ್ಕೂ ಬೇಡ, ವಾಪಸ್ ತಗೊಳ್ಳಿ" ಅಂದರು. ಇದಕ್ಕಿಂತ ಒಳ್ಳೇ ಸುದ್ದಿ ಇನ್ನೇನು ಬೇಕು! ಹುಟ್ಟಿದಾಗಿನಿಂದ ಯಾರು ಏನು ಮಾಡಿದರೂ ಮಾಡಿಸಿಕೊಳ್ಳುತ್ತಿದ್ದ ಹುಡುಗ ಅವನು. ಅದನ್ನು ಅವರಿಗೆ ವಿವರಿಸಿ, ಯಂತ್ರವನ್ನು ಮತ್ತೆ ಅವರ ಚೀಲಕ್ಕೇ ಹಾಕಿ ಕಳಿಸಿದೆ.

ಎರವಲು ಕೊಡಲು ಆಗದ ಸಾಮಾನೂ ಇದೆ. ಶ್ರವಣಯಂತ್ರದ ಜೊತೆ ಕಿವಿಯೊಳಗೆ ಕೂರುವ ಅಚ್ಚು, ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲು, ಇವೆಲ್ಲ ಒಂದೇ ಮೈಗೆ ಅಂತ ಮಾಡಿದವು. ಜನ ತಂದಿಟ್ಟು ಹೋಗುತ್ತಾರೆ, ನಾನು ಕೈಮುಗಿದು ವಾಪಸ್ ಕೊಡುತ್ತೇನೆ. ಕಣ್ಣು ಕಾಣದವರು ಹಿಡಿಯುವ ಬಿಳಿ ಕೋಲನ್ನು ಮಾತ್ರ ಎರವಲು ಕೊಡುವುದಿಲ್ಲ, ಕೊಟ್ಟೇಬಿಡುತ್ತೇವೆ.

ಇನ್ನು ವಾಪಸ್ ಬಂದ ಮೇಲಿನ ಕೆಲಸ. ಬಂದದ್ದನ್ನು ಮೊದಲು ಸೋಪು ನೀರಲ್ಲಿ ತೊಳೆಯಬೇಕು, ಆಮೇಲೆ ಕ್ರಿಮಿನಾಶಕ, ಕೊಳೆಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಟೈರಿಗೆ ಗಾಳಿ ನೋಡಬೇಕು, ಗಾಳಿ ಕಮ್ಮಿಯಾದರೆ ಬ್ರೇಕ್ ಜಾರುತ್ತದೆ. ಕೋಲಿನ ಬುಡದ ರಬ್ಬರ್ ಸವೆದಿದ್ದರೆ ಬದಲಿಸಬೇಕು. ಮುಂದಿನ ಸಣ್ಣ ಚಕ್ರಗಳಿಗೆ ಕೂದಲು ಸುತ್ತಿಕೊಂಡಿರುತ್ತದೆ, ಇದು ಯಾವ ಕೈಪಿಡಿಯನ್ನೂ ಓದದೆ ನಾನು ಕಲಿತದ್ದು. ಬ್ಯಾಟರಿ ಕುರ್ಚಿಗಳನ್ನು ಯಾರೂ ಒಯ್ಯದಿದ್ದರೂ ಚಾರ್ಜ್ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಕೂತಲ್ಲೇ ಸಾಯುತ್ತವೆ.

ನಿಜವಾಗಿ ವಾಪಸ್ ಬಾರದ ಸಾಮಾನು ಬೇರೆ ಕಡೆ ಇದೆ. ನಾವು ಕೊಟ್ಟದ್ದಲ್ಲ, ಜನ ಕೊಂಡು, ಬಳಸಿ, ಅಟ್ಟಕ್ಕೆ ಹಾಕಿದ್ದು. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನಕ್ಕೆ ಕನ್ನಡಕದಿಂದ ಹಿಡಿದು ವೀಲ್‌ಚೇರ್‌ವರೆಗೆ ಒಂದಲ್ಲ ಒಂದು ಸಾಧನ ಬೇಕು, ಅವರಲ್ಲಿ ಸುಮಾರು 100 ಕೋಟಿ ಜನಕ್ಕೆ ಅದು ಸಿಗುತ್ತಿಲ್ಲ ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು. ಅಟ್ಟದ ಮೇಲೆ ಹತ್ತು ವರ್ಷ ಕೂತ ವಾಕರಿನ ರಬ್ಬರ್ ಅಂಟಂಟಾಗಿರುತ್ತದೆ. "ವಾಪಸ್ ಬರುತ್ತಾ?" ಅಂತ ನನ್ನನ್ನು ಕೇಳುವವರನ್ನು ನಾನೂ ಒಂದು ಕೇಳುತ್ತೇನೆ, ನಿಮ್ಮ ಅಟ್ಟದಲ್ಲಿ ಏನಿದೆ? ಮೂವರಲ್ಲಿ ಒಬ್ಬರಾದರೂ ನಗುತ್ತಾರೆ.

ಆ ಕಡ್ಡಿಯಂಥ ಅಮ್ಮನಿಗೆ 14 ಇಂಚಿನ ಕುರ್ಚಿ ಸಿಗಲು ಎರಡು ತಿಂಗಳು ಹಿಡಿಯಿತು. ಕುಶನ್ ಸಮೇತ ಕೊಟ್ಟು, ನಾಲ್ಕನೇ ದಿನ ಫೋನ್ ಮಾಡಿದೆ. ಈಗ ಎಲ್ಲರಿಗೂ ನಾಲ್ಕನೇ ದಿನ ಮಾಡುತ್ತೇನೆ, ಯಾವಾಗ ಕೊಡ್ತೀರಿ ಅಂತ ಅಲ್ಲ, ಹೇಗೆ ಕೂತಿದ್ದಾರೆ ಅಂತ. ಆಮೇಲೆ ಅವರ ಸುದ್ದಿಯೇ ಇರಲಿಲ್ಲ. ಹೋದ ತಿಂಗಳು ಮಗ ಫೋನ್ ಮಾಡಿದ್ದರು, ಮುಂದಿನ ಚಕ್ರ ಬಿಗಿಯಾಗಿದೆ, ಏನು ಮಾಡೋದು ಅಂತ. ಕೂದಲು ಸುತ್ತಿಕೊಂಡಿರುತ್ತೆ, ಬ್ಲೇಡಿನಲ್ಲಿ ಕತ್ತರಿಸಿ ತೆಗೀರಿ ಅಂದೆ.