ನೆರೀಡರ ಕಾರಂಜಿ, ನಾಲ್ಕನೇ ವಾರ: ಚಿಪ್ಪು ಮತ್ತೆ ಬಿತ್ತು

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮಣ್ಣಿನ ವೀನಸ್, ಅಂದರೆ ಪ್ರೇಮದೇವತೆ, ಮೇಜಿನ ಮೇಲೆ ಬೋರಲು ಬಿದ್ದಿದ್ದಾಳೆ. ಅವಳು ಕೂತಿದ್ದ ಚಿಪ್ಪು ಎರಡು ಹೋಳು. ಅದನ್ನು ಎತ್ತಿ ಹಿಡಿದಿದ್ದ ಇಬ್ಬರು ನೆರೀಡರಲ್ಲಿ ಒಬ್ಬಳ ಮೊಣಕೈ ಬಿರುಕು ಬಿಟ್ಟಿದೆ. ಇದು ಎರಡನೇ ಸಲ.

ಮೊದಲಿಂದ ಓದದವರಿಗೆ: ನಾನು ಮಾಡುತ್ತಿರುವುದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿರುವ ನೆರೀಡರ ಕಾರಂಜಿಯ ಪುಟ್ಟ ಜೇಡಿಮಣ್ಣಿನ ಮಾದರಿ. ಎತ್ತರ ಒಂದಡಿ ಅಷ್ಟೇ. ನೆರೀಡರು ಗ್ರೀಕ್ ಪುರಾಣದ ಕಡಲ ಕನ್ಯೆಯರು. ಸಮುದ್ರದ ಮುದಿದೇವತೆ ನೀರಿಯಸ್‌ಗೆ 50 ಹೆಣ್ಣುಮಕ್ಕಳು. ಮನೆಯಲ್ಲಿ ಅಷ್ಟು ಜನರ ಹೆಸರು ಹೇಗೆ ನೆನಪಿಟ್ಟುಕೊಳ್ಳುತ್ತಿದ್ದನೋ!

ಮೂಲ ಕಾರಂಜಿ ಲೋಲಾ ಮೋರಾ ಎಂಬ ಶಿಲ್ಪಿಯದು. ಇಟಲಿಯ ಕರಾರಾ ಅಮೃತಶಿಲೆ, 1903ರಲ್ಲಿ ಉದ್ಘಾಟನೆ. ಕೆಳಗೆ ಮೂವರು ಟ್ರೈಟನ್‌ಗಳು (ಅದೇ ಪುರಾಣದ ಕಡಲ ಗಂಡಸರು) ಕುದುರೆ ಹಿಡಿದು ಜಗ್ಗುತ್ತಿದ್ದಾರೆ. ಮೇಲೆ ನೆರೀಡರು, ಅವರ ಮೇಲೆ ಚಿಪ್ಪು, ಚಿಪ್ಪಿನ ಅಂಚಲ್ಲಿ ವೀನಸ್. ಮೊದಲು ಮೇಯೊ ಚೌಕದಲ್ಲಿ, ಕ್ಯಾಥೆಡ್ರಲ್ ಹತ್ತಿರ ನಿಲ್ಲಿಸುವ ಯೋಚನೆ ಇತ್ತಂತೆ. ಬಟ್ಟೆಯಿಲ್ಲದ ಹೆಂಗಸರನ್ನು ಅಲ್ಲಿ ಇಡೋದಾ ಅಂತ ಗಲಾಟೆಯಾಯಿತು. ಬೇರೆ ಕಡೆ ನಿಲ್ಲಿಸಿದರು. 1918ರಲ್ಲಿ ಅಲ್ಲಿಂದಲೂ ಎತ್ತಿ ನದಿ ದಂಡೆಯ ಕೊಸ್ತನೇರಾ ಸುರ್‌ಗೆ ಸಾಗಿಸಿದರು. ಈಗಲೂ ಅಲ್ಲೇ ಇದೆ.

ಈಗ ನನ್ನ ಚಿಪ್ಪಿನ ಕಥೆ. ಭಾರವೆಲ್ಲ ಹುಡುಗಿಯರ ತೋಳಿನ ಮೇಲಿದೆ ಅಂದುಕೊಂಡು ತೋಳಿನೊಳಗೆ ದಪ್ಪ ತಂತಿ ಹಾಕಿದ್ದೆ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಬಿರುಕು ಬಿಡದೆ ಇನ್ನೇನಾಗುತ್ತೆ? ಸೋಮವಾರ ಮೂಲ ಕಾರಂಜಿಯ ಫೋಟೋಗಳನ್ನು ದೊಡ್ಡದು ಮಾಡಿ ಹಿಂದಿನಿಂದ, ಪಕ್ಕದಿಂದ ಎಲ್ಲ ನೋಡಿದೆ. ಇಬ್ಬರ ಬೆನ್ನಿಗೂ ಒರಟು ಬಂಡೆಯೊಂದು ಅಂಟಿಕೊಂಡಿದೆ. ಅದೇ ಮೇಲೇರಿ ಚಿಪ್ಪಿನ ತಳ ಮುಟ್ಟುತ್ತದೆ. ಹೊರುತ್ತಿರುವುದು ಬಂಡೆ. ಹುಡುಗಿಯರು ಬೆನ್ನು ಬಗ್ಗಿಸಿ, ತೋಳೆತ್ತಿ ಸುಮ್ನೆ ಹೊತ್ತ ಹಾಗೆ ನಟಿಸುತ್ತಿದ್ದಾರೆ! ಮುಂದಿನಿಂದ ನೋಡಿದರೆ ಒಂಚೂರೂ ಗೊತ್ತಾಗಲ್ಲ. ಭಲೇ ಮೋರಾ.

ಬಂಡೆಯನ್ನು ನಾನು ಅಲಂಕಾರ ಅಂತ ಬಿಟ್ಟೇಬಿಟ್ಟಿದ್ದೆ. ತಂತಿ ಕಿತ್ತೆಸೆದು, ಮಣ್ಣಿನ ಕಂಬ ಕಟ್ಟಿ, ಬೆರಳಲ್ಲಿ ಒತ್ತಿ ಒತ್ತಿ ಬಂಡೆ ಮಾಡಿದೆ. ಮುರಿದ ಮೊಣಕೈಗೆ ಮಣ್ಣಿನ ಗಂಜಿ ಸವರಿ ಒದ್ದೆ ಬಟ್ಟೆ ಸುತ್ತಿದ್ದೇನೆ, ನಿಧಾನಕ್ಕೆ ಒಣಗಲಿ. ಚಿಪ್ಪನ್ನು ಈ ಸಲ ಅರ್ಧದಷ್ಟು ತೆಳು ಮಾಡಿದೆ.

ಗುರುವಾರ ರಾತ್ರಿ ಕೂರಿಸಿದೆ. ಶನಿವಾರದವರೆಗೆ ಬಿದ್ದಿಲ್ಲ. ಕುದುರೆಗಳು ಬಾಕಿ. ಒಂದರ ಮುಖ ಸದ್ಯಕ್ಕೆ ಮೇಕೆಯ ಹಾಗಿದೆ.